ಸಂದಿಗೊಂದಿಯ ಸಿಲಿಕಾನ್

ಅಡುಗೆಮನೆಯ ಕಟ್ಟೆಗೂ ಗೋಡೆಯ ಟೈಲ್ಸಿಗೂ ನಡುವಿನ ಸಂದಿ ಮನೆಯ ಯಜಮಾನನ ಕಣ್ಣಿಗೆ ಬೀಳುವುದು ಎಲ್ಲರಿಗಿಂತ ಕೊನೆಗೆ. ಇರುವೆ, ಜಿರಳೆ, ಸಿಂಕಿನ ನೀರು ಅದನ್ನು ಎಂದೋ ಕಂಡುಕೊಂಡಿರುತ್ತವೆ. ಹಿಂದೆ ಇಂಥಲ್ಲಿ ವೈಟ್ ಸಿಮೆಂಟ್ ಮೆತ್ತುತ್ತಿದ್ದರು. ಅದು ಗಟ್ಟಿ ನಿಜ, ಬಗ್ಗುವುದಿಲ್ಲ. ಕಟ್ಟೆ ತುಸು ಅಲುಗಿದರೂ ಬಿರುಕು ಬಿಡುತ್ತದೆ. ಈಗ ಆ ಜಾಗಕ್ಕೆ ಬಂದಿರುವುದು ರಬ್ಬರಿನಂತೆ ಎಳೆದಷ್ಟೂ ಬರುವ ಸಿಲಿಕೋನ್. ಬೆಂಗಳೂರಿಗೆ ಬಿರುದು ತಂದ ಸಿಲಿಕಾನ್ ಎಂಬ ಮೂಲವಸ್ತು ಬೇರೆ, ಅದರಿಂದ ಹುಟ್ಟಿದ ಈ ಅಂಟು ಬೇರೆ. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಸಿಲಿಕೋನ್’ ಎಂದು ಸರಿಯಾಗಿ ಉಚ್ಚರಿಸಿದ ಗಿರಾಕಿಯನ್ನು ‘ಸಿಲಿಕಾನಾ ಸಾರ್?’ ಎಂದು ತಿದ್ದಿಯೇ ಟ್ಯೂಬ್ ಕೊಡುತ್ತಾರೆ.

ಟ್ಯೂಬಿನಲ್ಲೂ ಜಾತಿಗಳಿವೆ. ಒಣಗುವಾಗ ಮನೆಯೆಲ್ಲ ವಿನೆಗರ್ ವಾಸನೆ ಹಬ್ಬಿಸುವುದು ಅಸಿಟಿಕ್. ಗಾಜಿಗೆ, ಟೈಲ್ಸಿಗೆ ಅದು ಸಾಕು. ಅಮೃತಶಿಲೆ, ಕಡಪ ಕಲ್ಲುಗಳಿಗೆ ಆಮ್ಲ ಆಗದು. ಅಲ್ಲಿಗೆ ನ್ಯೂಟ್ರಲ್ ಬೇಕು. ಸಿಲಿಕೋನ್ ಮೇಲೆ ಪೇಂಟ್ ನಿಲ್ಲದ ಕಾರಣ, ಬಣ್ಣ ಬಳಿಯುವ ಗೋಡೆಗೆ ಅಕ್ರಿಲಿಕ್.

ಕೆಲಸದ ಮುಕ್ಕಾಲು ಪಾಲು ಟ್ಯೂಬ್ ಮುಟ್ಟುವ ಮೊದಲೇ ಮುಗಿಯಬೇಕು. ಎಲ್ಲರೂ ಹಾರಿಸುವುದೂ ಇದನ್ನೇ. ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಬೇಕು. ಒಣಗಿದ ಸಿಲಿಕೋನ್‌ಗೆ ಹಸಿ ಸಿಲಿಕೋನ್ ಸರಿಯಾಗಿ ಅಂಟುವುದಿಲ್ಲ, ದಾಯಾದಿಗಳ ಸ್ವಭಾವ. ಆಮೇಲೆ ಜಿಡ್ಡು ತೊಳೆದು, ಸಂದಿಯನ್ನು ಒಂದು ರಾತ್ರಿ ಒಣಗಲು ಬಿಡಬೇಕು.

ಟ್ಯೂಬಿನ ಕೊರಳಿನ ತುದಿ ಮುಚ್ಚಿರುತ್ತದೆ. ಅದನ್ನು ಕತ್ತರಿಸಿ, ಮೂತಿಯನ್ನು ತಿರುಗಿಸಿ ಕೂರಿಸಿ, ಮೂತಿಯ ತುದಿಯನ್ನು 45 ಡಿಗ್ರಿ ಓರೆಯಾಗಿ, ಸಂದಿಯ ಅಗಲಕ್ಕೆ ತಕ್ಕಷ್ಟೇ ಕೊಯ್ಯಬೇಕು. ಮೂತಿ ಕೊಯ್ದು ಕೊರಳು ಮರೆತವರು ಟ್ಯೂಬ್ ಕೂರಿಸಿ ಒತ್ತುವ ಗನ್ನಿನ ಕುದುರೆಯನ್ನು ಎರಡೂ ಕೈಯಲ್ಲಿ ಒತ್ತುತ್ತಾರೆ. ಸಿಲಿಕೋನ್ ಕೊನೆಗೂ ಬರುತ್ತದೆ, ಹಿಂಬದಿಯಿಂದ. ಮುಂದಿನಿಂದ ಬಂದರೆ ಬೇರೆ ಪೇಚು: ಕೈ ನಿಂತರೂ ಅದು ನಿಲ್ಲುವುದಿಲ್ಲ. ಒಳಗಿನ ಒತ್ತಡ ಇಳಿಸಲು ಗನ್ನಿನ ಹಿಂದಿರುವ ತಗಡನ್ನು ಹೆಬ್ಬೆರಳಿನಿಂದ ಅದುಮಬೇಕು. ಆ ತಗಡು ಅಲ್ಲಿರುವುದೇ ಅದಕ್ಕೆಂದು ಹೆಚ್ಚಿನವರಿಗೆ ತಿಳಿಯುವಷ್ಟರಲ್ಲಿ ನೆಲದ ಮೇಲೊಂದು ಚಕ್ಕುಲಿ ಸುತ್ತಿಯಾಗಿರುತ್ತದೆ.

ಎಳೆದ ಗೆರೆಯನ್ನು ಸೋಪಿನ ನೀರಲ್ಲಿ ಅದ್ದಿದ ಬೆರಳಿನಿಂದ ಒಮ್ಮೆ, ಒಂದೇ ಒಂದು ಸಲ, ಸವರಬೇಕು. ಹತ್ತು ನಿಮಿಷದಲ್ಲಿ ಮೇಲೆ ಕೆನೆ ಕಟ್ಟುತ್ತದೆ. ಕೆನೆ ಕಟ್ಟಿದ ಮೇಲೆ ‘ಇನ್ನೂ ಸ್ವಲ್ಪ ನೈಸ್ ಮಾಡೋಣ’ ಎಂದು ಹೊರಟವರ ಗೆರೆಯನ್ನು ದೂರದಿಂದಲೇ ಗುರುತಿಸಬಹುದು. ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿದ್ದರೆ ಕೆನೆಗೆ ಮುಂಚೆಯೇ ಕಿತ್ತುಬಿಡಬೇಕು.

ಸಿಲಿಕೋನ್ ಬಲಿಯುವುದು ಗಾಳಿಯ ತೇವ ಹೀರಿಕೊಂಡು, ಹೊರಗಿನಿಂದ ಒಳಗೆ, ದಿನಕ್ಕೆ ಸುಮಾರು 2-3 ಮಿಲಿಮೀಟರ್. ಹಾಗಾಗಿ 24 ಗಂಟೆ ಅಲ್ಲಿ ನೀರು ಬೀಳಕೂಡದು. ಈ ಕೆಲಸವನ್ನು ಏಕಾದಶಿಗೆ ಇಟ್ಟುಕೊಂಡರೂ ಪ್ರಯೋಜನವಿಲ್ಲ. ಉಪವಾಸದ ಉಪ್ಪಿಟ್ಟಿನ ಬಾಣಲೆ ಅಂದೂ ತೊಳೆಯಬೇಕು.

ಒಂದು ಟ್ಯೂಬಿನಲ್ಲಿ ಸಾಮಾನ್ಯವಾಗಿ 280 ಮಿಲಿಲೀಟರ್ ಇರುತ್ತದೆ. ಒಂದು ಕಟ್ಟೆಗೆ ಅದರ ಕಾಲುಭಾಗ ಹಿಡಿಯುವುದೂ ಕಷ್ಟ. ಉಳಿದದ್ದರ ಮೂತಿಗೆ ಉದ್ದನೆಯ ಮೊಳೆ ತುರುಕಿ ಅಟ್ಟಕ್ಕೆ ಹಾಕುತ್ತಾರೆ. ಮುಂದಿನ ಮಳೆಗಾಲಕ್ಕೆ ಮೊಳೆಯ ಜೊತೆ ಗಟ್ಟಿಯಾದ ಬಿರಟೆಯೂ ಕಿತ್ತು ಬಂದರೆ ಒಳಗಿನದು ಇನ್ನೂ ಬಳಕೆಗೆ ಬರುತ್ತದೆ. ಆ ಹೊತ್ತಿಗೆ ಗನ್ ಮಾತ್ರ ಪಕ್ಕದ ಮನೆಯಲ್ಲಿರುತ್ತದೆ.