ಹೆಸರಿನ ಬಾಜೂಕ 72

“ಅಲ್ಲೋ ತಮ್ಮಾ, ಹೆಸರಿನ ಬಾಜೂಕ 72 ಅಂತ ಬರದಿದ್ರ ಆ ಮನುಷ್ಯನ್ನ ನಂಬಬಹುದೇನು?”

ಗೋಡೆಯಾಚೆಯಿಂದ ಕಾಕಾ ಕೇಳಿದ್ದು ಇಷ್ಟೇ. ಸಿಂಧನೂರಿನ ನಮ್ಮ ಓಣಿಯಲ್ಲಿ ಎರಡು ಮನೆಗಳ ನಡುವೆ ಎದೆಮಟ್ಟದ ಕಾಂಪೌಂಡು. ಆಚೆ ಅವರು, ಈಚೆ ನಾನು. ಕಾಕಾ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿಯೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರ ಮೊಮ್ಮಗ ಲಿಂಗಸುಗೂರಿನಲ್ಲಿ ಡಿಗ್ರಿ ಓದುತ್ತಾನೆ, ರಜೆಗೆ ಬಂದಿದ್ದ. ಹುಡುಗ ಹೈವ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಬರೆಯುತ್ತಾನೆ, ಫೋಟೋ ಹಾಕುತ್ತಾನೆ, ಒಂದಿಷ್ಟು ಕಾಯಿನ್ ಗಳಿಸಿದ್ದಾನೆ. ಅಲ್ಲಿ ಯಾರೋ ಒಬ್ಬ, ನಿನ್ನ ಕಾಯಿನ್ ನನಗೆ ಕಳಿಸು, ತಿಂಗಳಲ್ಲಿ ಒಂದೂವರೆ ಪಟ್ಟು ಮಾಡಿ ಕೊಡುತ್ತೇನೆ ಎಂದಿದ್ದಾನೆ. ಹುಡುಗನಿಗೆ ಧೈರ್ಯ ಬಂದದ್ದು ಆ 72ನ್ನು ನೋಡಿ.

ಫೇಸ್‌ಬುಕ್ಕಿನಲ್ಲಿ ಬರೆದದ್ದು ಕಂಪನಿಯ ಕಂಪ್ಯೂಟರಿನಲ್ಲಿ ಇರುತ್ತದೆ. ಬೇಡವಾದರೆ ಅವರು ಅಳಿಸಬಹುದು, ಬೇಕಾದರೆ ಮುಚ್ಚಬಹುದು. ಹೈವ್ ಬ್ಲಾಕ್‌ಚೈನ್ ಮೇಲೆ ನಿಂತದ್ದು. ಬರಹ, ಲೈಕು, ಹಣದ ವರ್ಗಾವಣೆ, ಎಲ್ಲವೂ ಒಂದೇ ಖಾತೆಪುಸ್ತಕಕ್ಕೆ ಏರುತ್ತವೆ; 3 ಸೆಕೆಂಡಿಗೊಂದು ಹೊಸ ಹಾಳೆ; ಅದರ ನಕಲು ಲೋಕದ ನಾನಾ ಕಡೆಯ ಕಂಪ್ಯೂಟರುಗಳಲ್ಲಿ. ಅಲ್ಲಿ ಲೈಕಿಗೆ ಕಾಯಿನ್ ಲೆಕ್ಕದಲ್ಲಿ ಬೆಲೆ ಇದೆ, ಬರೆದ 7 ದಿನಕ್ಕೆ ಅದು ಕೈಗೆ ಬರುತ್ತದೆ. ಹೀಗೆ ಶುರು ಮಾಡಿದ್ದು 2016ರಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಕಟ್ಟಿದ ಸ್ಟೀಮ್. ಅದರಿಂದ ಒಡೆದು ಬಂದದ್ದು ಹೈವ್.

ಹೆಸರಿನ ಪಕ್ಕದ ಅಂಕಿ ಅಲ್ಲಿ ಖಾತೆ ಗಳಿಸಿದ ಮರ್ಯಾದೆಯ ಅಳತೆ. ಹೊಸ ಖಾತೆಗೆ ಮೊದಲ ದಿನ ಸಿಗುವ ಅಂಕಿ 25. ಬೇರೆಯವರು ಲೈಕು ಒತ್ತಿದಂತೆ ಅದು ಏರುತ್ತದೆ. ಆದರೆ ಎಲ್ಲ ಲೈಕೂ ಸಮ ಅಲ್ಲ. ಒತ್ತಿದವನ ಹತ್ತಿರ ಎಷ್ಟು ಕಾಯಿನ್ ಇಟ್ಟಿದೆಯೋ ಲೈಕಿಗೆ ಅಷ್ಟು ತೂಕ. ಮೇಲೆ ಹೋದಂತೆ ಏರುವುದು ಕಷ್ಟ. 61ರಿಂದ 70ಕ್ಕೆ ಹೋಗಬೇಕಾದರೆ ಗಳಿಕೆ ಹತ್ತು ಪಟ್ಟು ಆಗಬೇಕು, ಹಾಗೆ ಲೆಕ್ಕ ಕಟ್ಟಿದ್ದಾರೆ. ಯಾರಾದರೂ ಡೌನ್‌ವೋಟ್ ಒತ್ತಿ ಇಳಿಸಬಹುದೇ ಎಂದರೆ, ಇಳಿಸುವವನ ಅಂಕಿ ನಿಮ್ಮದಕ್ಕಿಂತ ಮೇಲಿರಬೇಕು. 72ರವನನ್ನು ಎಳೆಯಲು 73ರವನೇ ಬರಬೇಕು. ಕೆಳಗಿನವರ ದೂರು ಆ ಅಂಕಿಗೆ ಕೇಳಿಸುವುದೇ ಇಲ್ಲ.

ಇದರಲ್ಲಿ ನನಗೆ ಹೆಚ್ಚು ಬೇಸರ ತಂದದ್ದು ಇನ್ನೊಂದು. ಹೈವ್ ಹುಟ್ಟುವ ಮೊದಲು ಸ್ಟೀಮ್‌ನಲ್ಲಿ ಲೈಕು ಮಾರುವ ಬಾಟ್‌ಗಳಿದ್ದವು. ಹಣ ಕಳಿಸಿದರೆ ಸಾಕು, ಭಾರಿ ತೂಕದ ಲೈಕು ಬಂದು ಬೀಳುತ್ತಿತ್ತು, ಬರಹ ಎಂಥದ್ದೇ ಇರಲಿ. 2019ರ ಆಗಸ್ಟಿನಲ್ಲಿ ನಿಯಮ ತಿದ್ದಿ ಡೌನ್‌ವೋಟಿಗೆ ಬೇರೆಯೇ ಬಲ ಕೊಟ್ಟ ಮೇಲೆ ಆ ಧಂದೆ ತಗ್ಗಿತು. ಆದರೆ ಅಷ್ಟರಲ್ಲಿ ದುಡ್ಡು ಕೊಟ್ಟು ಏರಿಸಿಕೊಂಡ ಅಂಕಿಗಳು ಏರಿದಲ್ಲೇ ಉಳಿದವು, ಹೈವ್‌ಗೂ ಹಾಗೇ ಬಂದವು. ಹೆಸರಿನ ಪಕ್ಕದ ಸಂಖ್ಯೆ ದುಡಿದದ್ದೋ ಕೊಂಡದ್ದೋ, ಸಂಖ್ಯೆ ನೋಡಿದರೆ ತಿಳಿಯುವುದಿಲ್ಲ.

“ಚೀಲದ ಬಾಯಾಗಿನ ನೆಲ್ಲು ನೋಡಿ ಯಾರರ ರೇಟ್ ಕಟ್ತಾರೇನು?” ಎಂದರು ಕಾಕಾ. “ಮ್ಯಾಲೆ ಒಳ್ಳೇ ಸೋನಾ ಮಸೂರಿ ಇರತೈತಿ. ಚೂಪನ ಕೊಳವಿ ತಳಕ್ಕ ಚುಚ್ಚಿ ಎಳದ್ರ ಅಂಗೈಯಾಗ ಜೊಳ್ಳು ಬರತೈತಿ. ಆ ಖಾತಿದೂ ತಳ ನೋಡಾಕ ಬರತೈತೇನು?”

ಬರುತ್ತದೆ. ಬ್ಲಾಕ್‌ಚೈನ್ ನಮಗೆ ಕೊಟ್ಟಿರುವ ಉಪಕಾರವೇ ಇದು, ಅದನ್ನು ಬಿಟ್ಟು ಜನ ಒಂದು ಅಂಕಿ ನೋಡಿ ಎದ್ದು ಹೋಗುತ್ತಾರೆ. ಹುಡುಗ ಲ್ಯಾಪ್‌ಟಾಪ್ ತಂದು ಕಾಂಪೌಂಡಿನ ಮೇಲಿಟ್ಟ. ಹೈವ್‌ನ ಖಾತೆಪುಸ್ತಕ ತೆರೆದು ತೋರಿಸುವ ಹೈವ್‌ಬ್ಲಾಕ್ಸ್ ತಾಣದಲ್ಲಿ ಆ 72ರವನ ಹೆಸರು ಹೊಡೆದು ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋದೆವು.

ಖಾತೆ ತೆರೆದದ್ದು 2017ರಲ್ಲಿ. ಬರಹ ಎಲ್ಲ ಸ್ಪ್ಯಾನಿಷ್. ಅಡುಗೆ. ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿ, ಕಪ್ಪು ಹುರುಳಿಯಂಥ ಕಾಳಿನ ಪಲ್ಯ. ವೆನೆಜುವೆಲಾದ ಜನ ಈ ಜಾಲಕ್ಕೆ ಬಹಳ ಮಂದಿ ಬಂದಿದ್ದರು. ಅಲ್ಲಿನ ಹಣ ಬೆಲೆ ಕಳೆದುಕೊಂಡ ಕಾಲದಲ್ಲಿ ಈ ಚಿಲ್ಲರೆ ಕಾಯಿನ್ ಅವರಿಗೆ ಸಂತೆಯ ಖರ್ಚಿಗಾಗುತ್ತಿತ್ತು. ಈ ಖಾತೆಯಲ್ಲಿ ಬರೆಯುತ್ತಿದ್ದಾಕೆಯೂ ಅಲ್ಲಿಯವಳೇ ಇರಬೇಕು. ಪ್ರತಿ ಫೋಟೋದಲ್ಲೂ ಅದೇ ಅಡುಗೆಕಟ್ಟೆ, ಅಂಚು ಒಡೆದ ಅದೇ ನೀಲಿ ತಟ್ಟೆ. ಕೆಳಗೆ ಓದಿದವರ ಪ್ರಶ್ನೆ, ಆಕೆಯ ಉತ್ತರ. ಉಪ್ಪು ಎಷ್ಟು, ಹಿಟ್ಟು ಎಷ್ಟು ಹೊತ್ತು ನೆನೆಯಬೇಕು ಎಂಬಂಥವು. ಆಮೇಲೆ ಬರಹ ವಿರಳವಾಗಿ ನಿಂತೇಹೋಗಿದೆ. ವರ್ಷಗಟ್ಟಲೆ ಸದ್ದಿಲ್ಲ. ಮತ್ತೆ ಈಚೆಗೆ ಒಮ್ಮೆಲೇ ಇಂಗ್ಲಿಷು. ರೊಟ್ಟಿ ಇಲ್ಲ, ತಟ್ಟೆ ಇಲ್ಲ, ಬರೀ ಹೂಡಿಕೆ, ಲಾಭ. ಇಂಗ್ಲಿಷ್ ಶುರುವಾಗುವ ಸ್ವಲ್ಪ ಮೊದಲು ಖಾತೆಯ ಮಾಲೀಕತ್ವದ ಕೀ ಬದಲಾಗಿದೆ. ಅಲ್ಲಿಂದಾಚೆಗೆ ಕೂಡಿಟ್ಟ ಕಾಯಿನ್‌ಗಳನ್ನು ಹೊರತೆಗೆಯುವ ಕೆಲಸ ನಡೆದಿದೆ.

ಕೀ ಎಂದರೆ ಏನೆಂದು ಕಾಕಾಗೆ ಹೇಳಬೇಕಾಯಿತು. ಬರೆಯಲು ಒಂದು ಕೀ, ಹಣ ಸಾಗಿಸಲು ಒಂದು, ಗುಪ್ತ ಟಿಪ್ಪಣಿಗೆ ಒಂದು, ಇವೆಲ್ಲವನ್ನೂ ಬದಲಿಸಬಲ್ಲ ಮಾಲೀಕತ್ವದ ಕೀ ಒಂದು. ಆ ಕೊನೆಯದು ಕೈತಪ್ಪಿದರೆ ಮನೆ ಪೂರ್ತಿ ಕೈತಪ್ಪಿದಂತೆ. ಕೀ ಕದಿಯುವವರು 0.001 ಕಾಯಿನ್ ಕಳಿಸಿ ಅದರ ಟಿಪ್ಪಣಿಯಲ್ಲಿ ಒಂದು ಲಿಂಕ್ ಇಡುತ್ತಾರೆ. ಒತ್ತಿದರೆ ಹೈವ್‌ನಂತೆಯೇ ಕಾಣುವ ನಕಲಿ ಪುಟ. ಅದರಲ್ಲಿ ಕೀ ಹಾಕಿದರೆ ಮುಗಿಯಿತು. ಕದ್ದ 30 ದಿನದೊಳಗೆ ಗೊತ್ತಾದರೆ ಹಳೆಯ ಕೀ ತೋರಿಸಿ, ಮೊದಲೇ ಗೊತ್ತುಮಾಡಿದ ಇನ್ನೊಂದು ಖಾತೆಯ ಸಹಾಯದಿಂದ ವಾಪಸ್ ಪಡೆಯಬಹುದು. ಬಿಟ್ಟುಹೋದ ಮನೆಗೆ ಕನ್ನ ಬಿದ್ದರೆ 30 ದಿನದೊಳಗೆ ಯಾರಿಗೆ ಗೊತ್ತಾಗಬೇಕು? ಆಕೆ ಮಾರಿಕೊಂಡಳೋ ಕಳೆದುಕೊಂಡಳೋ ಪುಸ್ತಕ ಹೇಳುವುದಿಲ್ಲ. ಆದರೆ ಈಗ ಒಳಗಿರುವವನು ಆಕೆ ಅಲ್ಲ ಎಂಬುದಕ್ಕೆ ನನಗೆ ಇನ್ನೇನೂ ಬೇಕಿರಲಿಲ್ಲ. 72 ಆಕೆ ಒಲೆಯ ಮುಂದೆ ನಿಂತು ಗಳಿಸಿದ್ದು, ಬಳಸುತ್ತಿರುವವನು ಬೇರೆ.

ಇನ್ನೂ ಒಂದು ಕಂಡಿತು. ಅವನ ಇಂಗ್ಲಿಷ್ ಬರಹಗಳ ಕೆಳಗೆ ಹೊಗಳುವವರು ಪ್ರತಿ ಸಲವೂ ಅವರೇ. ಆ ಹೆಸರುಗಳನ್ನು ಒಂದೊಂದಾಗಿ ಬಿಚ್ಚಿದರೆ ಎಲ್ಲವೂ ಒಂದೇ ದಿನ, ಒಂದೇ ಖಾತೆಯಿಂದ ಹುಟ್ಟಿದವು. ಹೈವ್‌ನಲ್ಲಿ ಖಾತೆ ಮಾಡಲು 3 ಕಾಯಿನ್ ಶುಲ್ಕ, ಅಷ್ಟೇ. 2002ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕ ಜಾನ್ ಡೌಸರ್ ಸಿಬಿಲ್ ದಾಳಿ ಎಂಬ ಹೆಸರಿನಲ್ಲಿ ಇದನ್ನೇ ಬರೆದಿದ್ದ: ಗುರುತು ಖಾತ್ರಿ ಮಾಡುವ ಒಂದು ಕೇಂದ್ರ ಇಲ್ಲದ ಜಾಲದಲ್ಲಿ ಒಬ್ಬನೇ ಹಲವು ಮುಖ ಹೊತ್ತು ಬರುವುದನ್ನು ಪೂರ್ತಿ ತಡೆಯಲಾಗದು.

“ಹಂಗಾರ ಆಧಾರ್ ಕೇಳಬೇಕಪ್ಪ” ಎಂದರು ಕಾಕಾ. ಕೇಳಿದವರು ಇದ್ದರು, ಅದೂ ನಮ್ಮ ಬೆಂಗಳೂರಿನವರೇ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಕಟ್ಟಿದ ಕೂ ಆ್ಯಪ್ ಮೊದಲು ಬಂದದ್ದೇ ಕನ್ನಡದಲ್ಲಿ. 2022ರಲ್ಲಿ ಅವರು, ಬೇಕಾದವರು ಆಧಾರ್ ಮೂಲಕ ತಮ್ಮನ್ನು ಖಾತ್ರಿ ಮಾಡಿಕೊಂಡು ಹಸಿರು ಗುರುತು ಪಡೆಯಬಹುದು ಎಂದು ಏರ್ಪಾಡು ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಹಸಿರು ಗುರುತು ಹೇಳುವುದು ಇವನು ಒಬ್ಬ ಜೀವಂತ ಮನುಷ್ಯ ಎಂದು ಮಾತ್ರ, ಇವನ ಮಾತು ಖರೆ ಎಂದಲ್ಲ. 2024ರ ಜುಲೈನಲ್ಲಿ ಕೂ ಬಾಗಿಲು ಹಾಕುವುದಾಗಿ ಹೇಳಿತು. ಕನ್ನಡದಲ್ಲಿ ಅಲ್ಲಿ ಬರೆದು ಹೆಸರು ಮಾಡಿಕೊಂಡವರ ಗುರುತು, ಓದುಗರು, ಗಳಿಸಿದ ವಿಶ್ವಾಸ ಎಲ್ಲ ಅದರ ಜೊತೆಗೇ ಹೋಯಿತು. ಆ ನಷ್ಟ ನೆನೆದಾಗ ಅಳಿಯದ ಪುಸ್ತಕದ ಬೆಲೆ ನನಗೆ ತಿಳಿಯುತ್ತದೆ. (ಅಳಿಯದು ಎಂಬ ಕಾರಣಕ್ಕೇ ಫೋನ್ ನಂಬರು, ಮನೆ ವಿಳಾಸ ಅಲ್ಲಿ ಬರೆಯಬಾರದು ಎಂದು ಹುಡುಗನಿಗೆ ಅವತ್ತೇ ಹೇಳಿದೆ.)

ಅಳಿಯದ ಬರಹ ನಮ್ಮ ಸೀಮೆಗೆ ಹೊಸದೇನಲ್ಲ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೇ ಹೋಗುತ್ತದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದಾಗ ಬಂಡೆ ಬಂಡೆಯಲ್ಲೂ ಸಿಕ್ಕಿದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದು. ಇಷ್ಟೆಲ್ಲ ಬರೆಸಿದವನ ಸ್ವಂತ ಹೆಸರೇ ಇಲ್ಲ. ಸಿಂಹಳದ ಹಳೆಯ ಗ್ರಂಥಗಳನ್ನು ಓದಿದ ಜಾರ್ಜ್ ಟರ್ನರ್, ಇವನು ಅಶೋಕನೇ ಎಂದು ತೋರಿಸಿದ. ಆದರೆ ಅದು ದೂರದ ಪುಸ್ತಕದ ಸಾಕ್ಷಿ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಒಂದು ಶಾಸನ ಕಂಡ. ಹಟ್ಟಿಯ ಚಿನ್ನ ಇವತ್ತಿಗೂ ಲಿಂಗಸುಗೂರು ತಾಲ್ಲೂಕಿನ ನೆಲದಿಂದ ಬರುತ್ತಿದೆ; ಅಂಥ ಸೀಮೆಯಲ್ಲಿ ಗಣಿಯವನ ಕಣ್ಣಿಗೆ ಬಿದ್ದದ್ದು ಈ ಬರಹ. ಎಚ್. ಕೃಷ್ಣಶಾಸ್ತ್ರಿ ಓದಿ ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ಅದರಲ್ಲಿ ಅಸೋಕಸ ಎಂದು ಹೆಸರೇ ಇತ್ತು.

ಒಂದು ಕಲ್ಲಿನ ಮಾತನ್ನು ವಿದ್ವಾಂಸರು ಯಾಕೆ ನಂಬಿದರು ಎಂದು ಹುಡುಗನನ್ನು ಕೇಳಿದೆ. ಕಲ್ಲು ಗಟ್ಟಿ ಎಂದಲ್ಲ. ಅದರಲ್ಲಿದ್ದ ಬರಹ ರೂಪನಾಥ, ಸಹಸ್ರಾಮ್, ಬೈರಾಟ್, ನಮ್ಮ ಚಿತ್ರದುರ್ಗದ ಬ್ರಹ್ಮಗಿರಿ ಇಲ್ಲೆಲ್ಲ ಸಿಕ್ಕಿದ ಬರಹದೊಂದಿಗೆ ಹೊಂದುತ್ತಿತ್ತು. ಒಂದನ್ನೊಂದು ನೋಡದ ಕಲ್ಲುಗಳು ಒಂದೇ ಮಾತು ಹೇಳಿದವು. ಆಮೇಲೆ ಗುಜರ್ರಾ, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಗಳಲ್ಲೂ ಅದೇ ಹೆಸರು ಬಂತು. ಬ್ರಹ್ಮಗಿರಿಯಲ್ಲಿ ಇನ್ನೊಂದು ಇದೆ, ನನಗೆ ಅದು ಬಹಳ ಪ್ರೀತಿ. ಶಾಸನ ಬರೆದ ಚಪಡ ಕೊನೆಗೆ ತನ್ನ ಹೆಸರು ಹಾಕಿ, ಲಿಪಿಕಾರ ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ವಾಯವ್ಯದ ಗಾಂಧಾರದ ಕಡೆಯ ಲಿಪಿ. ಬೇರೆಯವನಿಗೆ ಸುಲಭಕ್ಕೆ ಬರದ ಕೈ ಅದು. ಇವತ್ತು ಕೀ ಮಾಡುವ ಕೆಲಸವೂ ಅದೇ: ಬರೆದದ್ದು ಈ ಕೈ ಎಂದು ಸಾಬೀತು ಮಾಡುತ್ತದೆ. ಕೈ ಯಾರ ವಶದಲ್ಲಿದೆ ಎಂಬುದಕ್ಕೆ ಮಾತ್ರ ಸುತ್ತಲಿನ ಬೇರೆ ಸಾಕ್ಷಿ ಬೇಕು.

“ಕಲ್ಲಿನ ಮ್ಯಾಲಿಂದು ಅಳಸಾಕ ಬರಂಗಿಲ್ಲ ಬಿಡು” ಎಂದರು ಕಾಕಾ. ಬ್ಲಾಕ್‌ಚೈನ್ ಬಗ್ಗೆ ಅಷ್ಟು ನೆಚ್ಚಿಕೊಳ್ಳಲು ನನಗೆ ಮನಸ್ಸಿಲ್ಲ. 2020ರ ಫೆಬ್ರುವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ಜಸ್ಟಿನ್ ಸನ್, ಸ್ಟೀಮ್‌ನ ಹಿಂದಿದ್ದ ಸ್ಟೀಮಿಟ್ ಕಂಪನಿಯನ್ನು ಕೊಂಡ. ಜಾಲ ನಡೆಸುವ ಮೊದಲ 20 ವಿಟ್ನೆಸ್‌ಗಳನ್ನು ಆರಿಸುವುದು ಕಾಯಿನ್ ತೂಕದ ಮತದಿಂದ. ಮಾರ್ಚ್ 2ರಂದು ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಂಬ ಎಕ್ಸ್‌ಚೇಂಜ್‌ಗಳ ಖಾತೆಗಳಿಂದ ಮತ ಬಿದ್ದು ಆ 20 ಸ್ಥಾನಗಳೂ ಅವನ ಕಡೆಯವರ ಪಾಲಾದವು. ಆ ಕಾಯಿನ್‌ಗಳು ಗಿರಾಕಿಗಳು ನಂಬಿ ಇಟ್ಟಿದ್ದವು. ಗಲಾಟೆ ಎದ್ದ ಮೇಲೆ ಬೈನಾನ್ಸ್, ಹುವೋಬಿ ಮತ ಹಿಂತೆಗೆದವು. ಮಾರ್ಚ್ 20ಕ್ಕೆ ಹೈವ್ ಬೇರೆಯಾಯಿತು. ಮೇ 20ರಂದು ಹಳೆಯ ಸ್ಟೀಮ್‌ನಲ್ಲಿ 64 ಖಾತೆಗಳಿಂದ 2 ಕೋಟಿ 36 ಲಕ್ಷ ಕಾಯಿನ್‌ಗಳನ್ನು, ಖಾತೆದಾರರ ಕೀ ಇಲ್ಲದೆಯೇ, ನಿಯಮ ಬದಲಿಸಿ ಎತ್ತಿದರು. ಖಾತೆ ದೊಡ್ಡದು ಎಂದ ಮಾತ್ರಕ್ಕೆ ಅದರಲ್ಲಿರುವುದು ಅವರದೇ ಹಣ ಅಲ್ಲ. ಪುಸ್ತಕ ಕಾಯುವ ಇಪ್ಪತ್ತು ಮಂದಿ ಒಂದಾದರೆ ಪುಸ್ತಕವೂ ಅಲುಗುತ್ತದೆ. ಇಷ್ಟು ತಿಳಿದೇ ಅಲ್ಲಿ ಕಾಲಿಡಬೇಕು.

ಹುಡುಗ ಕಾಯಿನ್ ಕಳಿಸಲಿಲ್ಲ. ಹೈವ್‌ವಾಚರ್ಸ್ ಎಂಬ ಗುಂಪು ಇಂಥ ಕಳ್ಳಖಾತೆಗಳ ಮೇಲೆ ಕಣ್ಣಿಡುತ್ತದೆ. ಅವರಿಗೆ ಕೀ ಬದಲಾದ ತಾರೀಖು ಸಮೇತ ಬರೆದು ತಿಳಿಸಿದ. ಆಮೇಲೆ ಕಾಕಾ, “ಮಸ್ಕಿ ಬೀಗರ ಹುಡುಗನೂ ಅದರಾಗ ಬರೀತಾನಂತ, ಅವಂದೂ ತಗಿ ನೋಡೂಣು” ಎಂದರು.

ತೆಗೆದ. ಅಂಕಿ 41. ಬರಹ ಕನ್ನಡದಲ್ಲಿ. ಲೈಕು ಒತ್ತಿದವರಲ್ಲಿ ಕನ್ನಡ ಬಲ್ಲವರು ಒಬ್ಬರೂ ಕಾಣಲಿಲ್ಲ. ಅನುವಾದದ ಯಂತ್ರದಲ್ಲಿ ಹಾಕಿ ಓದಿದವರು, ಫೋಟೋ ಚೆಂದ ಎಂದವರು. ಕನ್ನಡದ ಖಾತೆ ನಿಜವೋ ಸುಳ್ಳೋ ಎಂದು ತೀರ್ಮಾನಿಸುವವರು ಕನ್ನಡ ಬಾರದವರು. ಅವನು ಕದ್ದು ಹಾಕಿದರೂ ಅವರಿಗೆ ತಿಳಿಯದು, ಬೆವರು ಸುರಿಸಿ ಬರೆದರೂ ತಿಳಿಯದು. ಇದು ಯಾವ ಲೆಕ್ಕಾಚಾರವೂ ತುಂಬಲಾರದ ಕೊರತೆ, ನಾವೇ ಹೋಗಿ ತುಂಬಬೇಕು.

ಕಾಕಾ ಕನ್ನಡಕ ಏರಿಸಿ ನಾಟಿಯ ಒಂದು ಫೋಟೋ ದಿಟ್ಟಿಸಿದರು. “ಇದು ಅವರ ಹೊಲನ. ತೂಬಿನ ಮುಂದ ಆ ಬನ್ನಿಗಿಡ ನಾ ಕಂಡೀನಿ, ಹೋದ್ ವರ್ಷ ಅಲ್ಲೇ ಬುತ್ತಿ ಉಂಡೀವಿ.”

ಮೊಮ್ಮಗ ಅಷ್ಟನ್ನೂ ಹಾಗೇ, ಕಾಕಾನ ಮಾತಿನಲ್ಲೇ, ಆ ಫೋಟೋದ ಕೆಳಗೆ ಕಾಮೆಂಟಾಗಿ ಬರೆದು, ತನ್ನ ಪಾಲಿನ ಲೈಕು ಒತ್ತಿದ.