ನೂರು ಗ್ರಾಂ ಬಾಳೆಹಣ್ಣು, ನೂರು ಗ್ರಾಂ ಕಾಳುಮೆಣಸು

ಬಾಳೆ ಹಣ್ಣು, ಕಾಳುಮೆಣಸು ಮಸಾಲೆ ಎಂಬ ವಿಂಗಡಣೆ ಅಡುಗೆಮನೆಯದು. ಸಸ್ಯಶಾಸ್ತ್ರ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಅದರ ಲೆಕ್ಕದಲ್ಲಿ ಮೆಣಸಿನ ಕಾಳೂ ಒಂದು ಹಣ್ಣೇ: ನಡುವೆ ಬೀಜ, ಸುತ್ತ ತೆಳುವಾದ ತಿರುಳು. ಪಾಪ, ಪೂರ್ತಿ ಹಣ್ಣಾಗುವ ಯೋಗ ಮಾತ್ರ ಅದಕ್ಕಿಲ್ಲ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾಗುವುದೇ ತಡ, ಏಣಿ ಬಂದು ನಿಲ್ಲುತ್ತದೆ. ಕೊಯ್ದು, ಕಾಳು ಬಿಡಿಸಿ, ಅಂಗಳದಲ್ಲಿ ಹರವಿದರೆ ಕೆಲವು ದಿನಗಳ ಬಿಸಿಲಿಗೆ ಸಿಪ್ಪೆ ಕಪ್ಪಾಗಿ ಸುಕ್ಕುಗಟ್ಟುತ್ತದೆ. 100 ಕಿಲೋ ಹಸಿಕಾಳು ಸುಮಾರು 33 ಕಿಲೋಗೆ ಇಳಿಯುತ್ತದೆ. ಶಿರಸಿ, ಸಾಗರ, ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟಗಳಲ್ಲಿ ಈ ಇಬ್ಬರೂ ನೆರೆಹೊರೆಯವರು. ಮೆಣಸಿನ ಬಳ್ಳಿ ಅಡಿಕೆ ಮರವನ್ನು ತಬ್ಬಿಕೊಂಡು ಮೇಲೇರುತ್ತದೆ, ಬಾಳೆ ಎರಡು ಸಾಲಿನ ನಡುವೆ ತನ್ನ ಪಾಡಿಗೆ ತಾನು ಗೊನೆ ಹಾಕುತ್ತದೆ. ತೋಟದಲ್ಲಿ ಇವರಿಬ್ಬರ ನಡುವೆ ಜಗಳವಿಲ್ಲ. ಜಗಳ ಹುಟ್ಟಿಸುವುದು ಪೋಷಕಾಂಶಗಳ ಕೋಷ್ಟಕ.

ಕೋಷ್ಟಕಗಳ ಅಳತೆಗೋಲು 100 ಗ್ರಾಂ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಂತೆ ಅಷ್ಟು ತೂಕದ ಬಾಳೆಹಣ್ಣಿನಲ್ಲಿ 89 ಕ್ಯಾಲೊರಿ, ಒಂದು ಗ್ರಾಂ ಚಿಲ್ಲರೆ ಪ್ರೋಟೀನು, 2.6 ಗ್ರಾಂ ನಾರು, 358 ಮಿಲಿಗ್ರಾಂ ಪೊಟ್ಯಾಸಿಯಂ, 5 ಮಿಲಿಗ್ರಾಂ ಕ್ಯಾಲ್ಸಿಯಂ, ಕಾಲು ಮಿಲಿಗ್ರಾಂ ಕಬ್ಬಿಣ ಇವೆ. ಅಷ್ಟೇ ತೂಕದ ಕಾಳುಮೆಣಸಿನಲ್ಲಿ 251 ಕ್ಯಾಲೊರಿ, ಹತ್ತು ಗ್ರಾಂ ಮೀರಿದ ಪ್ರೋಟೀನು, 25 ಗ್ರಾಂ ನಾರು, 1,329 ಮಿಲಿಗ್ರಾಂ ಪೊಟ್ಯಾಸಿಯಂ, 443 ಮಿಲಿಗ್ರಾಂ ಕ್ಯಾಲ್ಸಿಯಂ, 9.7 ಮಿಲಿಗ್ರಾಂ ಕಬ್ಬಿಣ. ಬಾಳೆಹಣ್ಣು ಎಲ್ಲ ಸುತ್ತಿನಲ್ಲೂ ಮಣ್ಣುಮುಕ್ಕಿದಂತೆ ಕಾಣುತ್ತದೆ. ಅದರ ಮಾನ ತುಸುವಾದರೂ ಉಳಿಸುವುದು ಸಿ ಜೀವಸತ್ವದಂಥವು: ಹಣ್ಣಿನಲ್ಲಿ 8.7 ಮಿಲಿಗ್ರಾಂ, ಒಣಕಾಳಿನಲ್ಲಿ ಸೊನ್ನೆ. 100 ಗ್ರಾಂ ಮೆಣಸಿನಲ್ಲಿರುವ ಕ್ಯಾಲ್ಸಿಯಂ ಬಾಳೆಯಿಂದಲೇ ಬರಬೇಕೆಂದು ಹಟ ಹಿಡಿದವರು ಆರು ಡಜನ್ ಹಣ್ಣು ಮುಗಿಸಿ ಏಳನೆಯದಕ್ಕೆ ಕೈ ಹಾಕಬೇಕಾಗುತ್ತದೆ.

ಈ ಗೆಲುವಿನ ದೊಡ್ಡ ಪಾಲು ಬಿಸಿಲಿಗೆ ಸಲ್ಲಬೇಕು. ಬಾಳೆಹಣ್ಣಿನ ಮುಕ್ಕಾಲು ಭಾಗ ನೀರು. ಒಣಮೆಣಸಿನಲ್ಲಿ ನೀರು ಶೇ. 12ರಷ್ಟು. ಒಬ್ಬನನ್ನು ಮಳೆಯಲ್ಲಿ ನೆನೆಸಿ, ಇನ್ನೊಬ್ಬನನ್ನು ಒಣಗಿಸಿ ತಕ್ಕಡಿಗೆ ಹತ್ತಿಸಿದರೆ ನ್ಯಾಯ ಎಲ್ಲಿಂದ ಬರಬೇಕು? ಬಾಳೆಯನ್ನೂ ಒಣಗಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. ಪೂರ್ತಿ ನೀರಾರಿಸಿ ಪುಡಿ ಮಾಡಿದ ಬಾಳೆಹಣ್ಣಿನ 100 ಗ್ರಾಮಿನಲ್ಲಿ 346 ಕ್ಯಾಲೊರಿ, 1,491 ಮಿಲಿಗ್ರಾಂ ಪೊಟ್ಯಾಸಿಯಂ. ಎರಡರಲ್ಲೂ ಮೆಣಸು ಹಿಂದೆ ಬಿತ್ತು. ಉತ್ತರ ಕನ್ನಡದವರು ಬಾಳೆಹಣ್ಣನ್ನು ಸೀಳಿ ಬಿಸಿಲಿಗಿಟ್ಟು ಸುಕೇಳಿ ಮಾಡುವುದು ಮಳೆಗಾಲದ ಬಾಯಿಚಪಲಕ್ಕೇ ಹೊರತು ಕೋಷ್ಟಕದಲ್ಲಿ ಸೇಡು ತೀರಿಸಿಕೊಳ್ಳಲಿಕ್ಕಲ್ಲ. ಆದರೂ ಕೆಲಸ ಅದೇ. ಹಾಗೆಂದು ಕಬ್ಬಿಣ, ಕ್ಯಾಲ್ಸಿಯಂಗಳಲ್ಲಿ ಒಣಬಾಳೆಯೂ ಮೆಣಸಿನ ಹತ್ತಿರ ಸುಳಿಯಲಾರದು. ಅಷ್ಟರಮಟ್ಟಿಗೆ ಕಾಳಿನ ಹೆಗ್ಗಳಿಕೆ ಸ್ವಂತದ್ದೇ.

ಪೊಟ್ಯಾಸಿಯಂನ ಹೆಗ್ಗಳಿಕೆ ಎಷ್ಟು ಭದ್ರ ಎನ್ನುವುದಕ್ಕೆ ಬಿಳಿಮೆಣಸನ್ನು, ಎಂದರೆ ಮಲೆನಾಡಿನ ಬೋಳುಕಾಳನ್ನು ನೋಡಬೇಕು. ಬಳ್ಳಿಯಲ್ಲೇ ಹಣ್ಣಾದ ಕಾಳನ್ನು ದಿನಗಟ್ಟಲೆ ನೀರಿನಲ್ಲಿ ನೆನೆಹಾಕಿ, ಸಿಪ್ಪೆ ತಿಕ್ಕಿ ತೆಗೆದು ಒಣಗಿಸಿದರೆ ಅದು ಸಿದ್ಧ. ಅದೇ ಬಳ್ಳಿಯ ಕಾಳು, ಆದರೆ 100 ಗ್ರಾಮಿನಲ್ಲಿ ಉಳಿಯುವ ಪೊಟ್ಯಾಸಿಯಂ ಬರೇ 73 ಮಿಲಿಗ್ರಾಂ. ಉಳಿದದ್ದೆಲ್ಲ ಸಿಪ್ಪೆಯ ಜೊತೆ, ನೆನೆಹಾಕಿದ ನೀರಿನ ಜೊತೆ ಹೋಯಿತು. ಬೆಲೆ ಮಾತ್ರ ಕರಿಮೆಣಸಿಗಿಂತ ಹೆಚ್ಚು.

ಇನ್ನು ನಿಜವಾದ ತೊಡಕು. 100 ಗ್ರಾಂ ಬಾಳೆಹಣ್ಣು ತಿನ್ನುವವರಿದ್ದಾರೆ. ಊಟ ಮುಗಿದ ಮೇಲೆ ಎಲೆಯ ತುದಿಯಲ್ಲಿರುವುದನ್ನು ಸುಲಿದರೆ ಲೆಕ್ಕ ಚುಕ್ತಾ. 100 ಗ್ರಾಂ ಮೆಣಸು ತಿನ್ನುವ ಪ್ರಾಣಿ ಇನ್ನೂ ಕಂಡಿಲ್ಲ. ಮೆಣಸಿನ ಸಾರು ಮಾಡುವ ಮನೆಯಲ್ಲಿ ನಾಲ್ಕು ಜನಕ್ಕೆ ಒಂದು ಟೀ ಚಮಚ ಪುಡಿ ಬಿತ್ತೆಂದರೆ, ಅದರ ತೂಕ ಎರಡೂಕಾಲು ಗ್ರಾಮಿನಷ್ಟು; ತಲೆಗೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು. ಅದರಿಂದ ದಕ್ಕುವ ಪೊಟ್ಯಾಸಿಯಂ ಸುಮಾರು 8 ಮಿಲಿಗ್ರಾಂ. ಸಾಧಾರಣ ಗಾತ್ರದ ಒಂದು ಬಾಳೆಹಣ್ಣು ಕೊಡುವುದು 422. ಆ ಒಂದು ಹಣ್ಣಿಗೆ ಸಮನಾಗಲು 32 ಗ್ರಾಂ ಮೆಣಸು ಬೇಕು, ಅಂದರೆ ಹದಿನಾಲ್ಕು ಟೀ ಚಮಚ. ಕಾಳೊಂದು 50 ಮಿಲಿಗ್ರಾಂ ತೂಗುತ್ತದೆಂದು ಹಿಡಿದರೆ ಆರುನೂರಕ್ಕೂ ಮೇಲ್ಪಟ್ಟು ಕಾಳು. ಪೊಂಗಲ್ಲಿನಲ್ಲಿ ಹಲ್ಲಿಗೆ ಸಿಕ್ಕ ಒಂದೇ ಕಾಳನ್ನು ತಟ್ಟೆಯ ಅಂಚಿಗೆ ಸರಿಸುವ ಜನರ ಮುಂದೆ ಈ ಲೆಕ್ಕ ಇಡುವುದೂ ಕ್ರೌರ್ಯವೇ. ಒಂದು ಚಮಚ ಪುಡಿ ಒಂದು ಬಾಳೆಹಣ್ಣಿಗೆ ಹೆಗಲೆಣೆಯಾಗಿ ನಿಲ್ಲುವುದು ಮ್ಯಾಂಗನೀಸಿನಲ್ಲಿ: ಅದರಲ್ಲಿ 0.29 ಮಿಲಿಗ್ರಾಂ, ಇದರಲ್ಲಿ 0.32. ದುರದೃಷ್ಟಕ್ಕೆ ಮ್ಯಾಂಗನೀಸನ್ನು ಕೇಳಿಕೊಂಡು ಯಾರೂ ಅಂಗಡಿಗೆ ಹೋಗುವುದಿಲ್ಲ.

ಹೇಗೂ ಮೆಣಸಿನ ಕೀರ್ತಿ ಬಂದದ್ದು ಖನಿಜಗಳಿಂದಲ್ಲ. ಕ್ರಿ.ಶ. 408ರಲ್ಲಿ ರೋಮ್ ನಗರಕ್ಕೆ ಮುತ್ತಿಗೆ ಹಾಕಿದ ಅಲಾರಿಕ್, ಬಿಟ್ಟುಹೋಗಲು ಕೇಳಿದ ಒತ್ತೆಹಣದಲ್ಲಿ ಚಿನ್ನ ಬೆಳ್ಳಿಗಳ ಜೊತೆ 3,000 ಪೌಂಡ್ ಮೆಣಸೂ ಇತ್ತು. ಅವನ ದಂಡಿಗೆ ನಾರಿನಂಶ ಕಡಿಮೆಯಾಗಿತ್ತೆಂದು ಅದರ ಅರ್ಥವಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದದ್ದೂ ಕಬ್ಬಿಣದ ಕಾರಣಕ್ಕಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಘಾಟು. ಆ ಖಾರದ ಮೂಲ ಪೈಪರಿನ್. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ 1819ರಲ್ಲಿ ಅದನ್ನು ಬೇರ್ಪಡಿಸಿದ. ಪೋಷಕಾಂಶಗಳ ಕೋಷ್ಟಕದಲ್ಲಿ ಅದಕ್ಕೆ ಜಾಗವಿಲ್ಲ, ಆದರೆ ಇತರರ ಕೆಲಸ ಮಾಡಿಸಿಕೊಡುವುದರಲ್ಲಿ ಅದು ನಿಸ್ಸೀಮ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶದ ಎರಡು ಗ್ರಾಂ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ, ಮನುಷ್ಯರ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಪ್ರಮಾಣ ಶೇ. 2,000ದಷ್ಟು ಏರಿತು. ನೆಗಡಿಯಾದಾಗ ಅರಿಶಿನದ ಹಾಲಿಗೆ ಮೆಣಸು ಕುಟ್ಟಿ ಹಾಕುವ ಅಜ್ಜಿಯರು ಶೇಕಡಾ ಲೆಕ್ಕಕ್ಕೆ ಕಾಯಲಿಲ್ಲ.

ಬಾಳೆಹಣ್ಣಿಗೆ ಇಂಥ ವಶೀಲಿ ಕೆಲಸ ಗೊತ್ತಿಲ್ಲ. ಅದು ತಂದದ್ದನ್ನು ತಾನೇ ಕೊಟ್ಟು ಹೋಗುತ್ತದೆ: ಕಾಯಿಯಾಗಿದ್ದಾಗಿನ ಪಿಷ್ಟ ಹಣ್ಣಾಗುವಾಗ ಸಕ್ಕರೆಯಾಗುತ್ತದೆ, ಜೊತೆಗೆ ಒಳ್ಳೆಯ ಪ್ರಮಾಣದ ಬಿ6. ಮೂತ್ರಪಿಂಡದ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಕಾರಣಕ್ಕೆ ವೈದ್ಯರು ಬಾಳೆಹಣ್ಣು ಮಿತಿ ಮಾಡಿಸುತ್ತಾರೆ. ಗ್ರಾಂ ಲೆಕ್ಕದಲ್ಲಿ ಹತ್ತಿರಹತ್ತಿರ ನಾಲ್ಕು ಪಟ್ಟು ಪೊಟ್ಯಾಸಿಯಂ ಹೊತ್ತ ಮೆಣಸು, ಚಿಟಿಕೆಯ ಮರೆಯಲ್ಲಿ ಆ ಪಟ್ಟಿಯಿಂದ ನುಣುಚಿಕೊಳ್ಳುತ್ತದೆ.

ಹಣ್ಣು ಮತ್ತು ಮಸಾಲೆಯ ಹೋಲಿಕೆ ಕೆಲವು ಅಂಗಡಿಗಳಲ್ಲಿ ಗಿರಾಕಿ ಬರುವ ಮೊದಲೇ ನಡೆದುಹೋಗಿರುತ್ತದೆ. ಮೆಣಸಿಗೆ ಬೆರೆಸಲು ಹೆಚ್ಚಾಗಿ ಬಳಸುವುದು ಪರಂಗಿ ಹಣ್ಣಿನ ಒಣಬೀಜ: ಅದೇ ಗಾತ್ರ, ಅದೇ ಸುಕ್ಕು, ಹೆಚ್ಚುಕಡಿಮೆ ಅದೇ ಬಣ್ಣ. ಅನುಮಾನ ಬಂದರೆ ಒಂದು ಲೋಟ ನೀರಿಗೆ ಹಿಡಿ ಕಾಳು ಹಾಕಿದರಾಯಿತು. ಮೆಣಸು ತಳ ಸೇರುತ್ತದೆ, ಪರಂಗಿ ಬೀಜ ತೇಲುತ್ತದೆ.