ಜಾತ್ರಿ ಮುಗೀತು, ಟೇಬಲ್ ಗುಡಿಸ್ರಿ

ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ. ಸಾಂಗಲಿ, ಕೊಲ್ಹಾಪುರದ ಕಡೆಯಿಂದಲೂ ಜನ ಬರುತ್ತಾರೆ, ಭಂಡಾರ ಹಾರಿಸುತ್ತಾರೆ, ಹೋಗುತ್ತಾರೆ. ಆಮೇಲೆ ಅಂಗಡಿ ಎತ್ತುವುದಕ್ಕೂ ಒಂದು ಕ್ರಮವಿದೆ: ಮೊದಲು ಸಾಮಾನು, ಆಮೇಲೆ ಚಪ್ಪರ, ಕೊನೆಗೆ ಗೂಟ. ಸಾಮಾನು ಒಳಗಿರುವಾಗಲೇ ಗೂಟ ಕಿತ್ತವನಿಗೆ ಬೆಂಡು-ಬತ್ತಾಸಿನವನು ಏನನ್ನುತ್ತಾನೆಂದು ಇಲ್ಲಿ ಬರೆಯುವಂತಿಲ್ಲ.

ಬೆಂಗಳೂರು ಸೇರಿದ ನಮ್ಮ ಹುಡುಗರಿಗೆ ಮಾತ್ರ ಗೂಟವೇ ಮೊದಲು. ಟೆಸ್ಟ್ ಮುಗಿದ ಮೇಲೆ ಡೇಟಾಬೇಸ್ ಖಾಲಿ ಮಾಡಬೇಕಲ್ಲ? ಆರ್ಡರ್ ಅಳಿಸದೆ ಗ್ರಾಹಕನನ್ನು ಅಳಿಸಹೋದರೆ ಫಾರಿನ್ ಕೀ ಬಿಡುವುದಿಲ್ಲ. ಸರಿ, ಆ ತಪಾಸಣೆಯನ್ನೇ ಸೊನ್ನೆಗೆ ಇಳಿಸು! ಡಿಲೀಟುಗಳನ್ನೆಲ್ಲ ಸೆಮಿಕೋಲನ್‌ನಲ್ಲಿ ಪೋಣಿಸಿ ಒಟ್ಟಿಗೇ ದಬ್ಬು! ಮೈಎಸ್‌ಕ್ಯೂಎಲ್‌ನ ಜಾವಾ ಡ್ರೈವರ್ ಪಾಪ, ಒಂದು ಸಲಕ್ಕೆ ಒಂದೇ ಆಜ್ಞೆ ಎನ್ನುತ್ತದೆ. ಅರ್ಜಿಯ ಹೆಸರಿನ ಜಾಗದಲ್ಲಿ ಕಳ್ಳನೊಬ್ಬ ಸೆಮಿಕೋಲನ್ ಹಾಕಿ, ಹಿಂದೆಯೇ 'ಡ್ರಾಪ್ ಟೇಬಲ್' ತೂರಿಸಿದರೆ ಗತಿಯೇನೆಂಬ ಭಯ ಅದಕ್ಕೆ. ನಮ್ಮ ಹುಡುಗನಿಗೆ ಎಲ್ಲಿಯ ಭಯ? 'ಅಲೋಮಲ್ಟಿಕ್ವೆರೀಸ್=ಟ್ರೂ' ಎಂದು ಬರೆದು ಬಾಗಿಲು ತೆಗೆಯುತ್ತಾನೆ. ಅದೇ ಸಾಲು ಕಾಪಿ-ಪೇಸ್ಟಿನ ಕೃಪೆಯಿಂದ ಪ್ರೊಡಕ್ಷನ್ನಿಗೂ ಹೋಗುತ್ತದೆ. ಕಳ್ಳನಿಗೆ ಇಷ್ಟು ಮರ್ಯಾದೆ ಇನ್ಯಾರು ಕೊಟ್ಟಾರು?

ಹೀಗೆ ಒಟ್ಟಿಗೆ ದಬ್ಬಿದ ಹತ್ತು ಡಿಲೀಟುಗಳಲ್ಲಿ ನಾಲ್ಕನೆಯದು ಮುಗ್ಗರಿಸಿತೆನ್ನಿ. ಆಟೋಕಮಿಟ್ ಇದ್ದರೆ ಮೊದಲ ಮೂರು ಆಗಿಯೇ ಹೋಗಿರುತ್ತವೆ, ಉಳಿದವು ಹಾಗೇ ಬಿದ್ದಿರುತ್ತವೆ. ಪಿಎಚ್‌ಪಿಯ 'ಮಲ್ಟಿ_ಕ್ವೆರಿ' ಇನ್ನೂ ಸಭ್ಯ. ಮೊದಲನೆಯ ಆಜ್ಞೆ ಸೋತರಷ್ಟೇ ತಾನಾಗಿ ಹೇಳುತ್ತದೆ. ಮಿಕ್ಕವುಗಳ ಕ್ಷೇಮಸಮಾಚಾರ ಬೇಕಾದರೆ ನೀವೇ ಒಂದೊಂದಾಗಿ ಕೇಳಬೇಕು. ಕೇಳುವವರು ಯಾರು?

"ತಮ್ಮಾ, ಟ್ರಾನ್ಸಾಕ್ಷನ್ ಒಳಗ ಇಟ್ಟು, ಕಡೀಕ ರೋಲ್‌ಬ್ಯಾಕ್ ಮಾಡಬಾರದೇನೋ?"

"ಟೈಮ್ ಎಲ್ಲೈತಿ ಕಾಕಾ! ಟ್ರಂಕೇಟ್ ಹೊಡದ್ರ ಮುಗೀತು."

ಮುಗಿಯುವುದೇನೋ ನಿಜ. ಪೋಸ್ಟ್‌ಗ್ರೆಸ್‌ನಲ್ಲಾದರೆ ಟ್ರಂಕೇಟನ್ನೂ ಹಿಂದಕ್ಕೆ ಕರೆಯಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಅದು ಕೇಳದೆಯೇ ಕಮಿಟ್ ಆಗಿಬಿಡುತ್ತದೆ.

ಹುಡುಗನನ್ನಷ್ಟೇ ಬೈದು ಫಲವಿಲ್ಲ, ದೊಡ್ಡವರೂ ಇದ್ದಾರೆ. 2010ರ ನವೆಂಬರ್‌ನಲ್ಲಿ ಗಿಟ್‌ಹಬ್‌ನವರ ಟೆಸ್ಟ್ ವ್ಯವಸ್ಥೆಗೆ ಒಂದು ತಪ್ಪು ಸೆಟ್ಟಿಂಗ್‌ನಿಂದ ಪ್ರೊಡಕ್ಷನ್ ಡೇಟಾಬೇಸ್‌ನ ವಿಳಾಸವೇ ಸಿಕ್ಕಿತು. ಅದು ತನ್ನ ನಿತ್ಯಕರ್ಮದಂತೆ ಟೇಬಲ್‌ಗಳನ್ನು ಅಳಿಸಿ ಹೊಸದಾಗಿ ಕಟ್ಟಿತು. ಕೆಲಸದಲ್ಲಿ ಒಂದಿಷ್ಟೂ ಲೋಪವಿರಲಿಲ್ಲ, ಮನೆ ಬೇರೆಯವರದಾಗಿತ್ತು ಅಷ್ಟೆ. ಬ್ಯಾಕಪ್ ಇತ್ತು, ಬದುಕಿಕೊಂಡರು.

ಒಂದೊಂದಾಗಿ ಗುಡಿಸಿ, ಒಟ್ಟಿಗೆ ಗುಡಿಸಿ, ನಿಮ್ಮಿಷ್ಟ. ಪ್ರೊಡಕ್ಷನ್ನಿನ ಪಾಸ್‌ವರ್ಡ್ ಮಾತ್ರ ಟೆಸ್ಟಿನ ಕೈಗೆ ಕೊಡಬೇಡಿ.